ನಿಕಲ್ ಹೆಚ್ಚಿದರೆ ಕಾಂತತ್ವವೂ ಹೆಚ್ಚುತ್ತದೆಯೆ?

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ಪುಣೆಯ ಭೋಸರಿಯಲ್ಲಿ ಬ್ಯಾಟರಿಯ ಕಚ್ಚಾ ಪದಾರ್ಥಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಮೂರು ಬಗೆಯ ಕ್ಯಾಥೋಡ್ (ಬ್ಯಾಟರಿಯ ಧನ ಧ್ರುವದ) ಪುಡಿಗಳಿವೆ: ಒಂದು ಲಿಥಿಯಂ ಕೋಬಾಲ್ಟ್ ಆಕ್ಸೈಡ್, ಇನ್ನೊಂದು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸಮಪಾಲಾಗಿರುವುದು, ಮೂರನೆಯದರಲ್ಲಿ ನೂರಕ್ಕೆ ಎಂಬತ್ತು ಪಾಲು ನಿಕಲ್, ಹತ್ತು ಹತ್ತು ಪಾಲು ಮ್ಯಾಂಗನೀಸ್ ಮತ್ತು ಕೋಬಾಲ್ಟ್. ಎಕ್ಸ್-ರೇ ಚಿತ್ರದಲ್ಲಿ ಮೂರಕ್ಕೂ ಒಂದೇ ಪದರ ರಚನೆ ಕಾಣುತ್ತದೆ. ಬಲವಾದ ನಿಯೋಡಿಮಿಯಂ ಆಯಸ್ಕಾಂತ ಹಿಡಿದರೆ ಮೊದಲನೆಯದು ಅಲುಗುವುದಿಲ್ಲ, ಎರಡನೆಯದು ತುಸು ಸರಿಯುತ್ತದೆ, ಮೂರನೆಯದರ ಕೆಲವು ಕಣಗಳು ಅಂಟಿಯೇಬಿಡುತ್ತವೆ. ನಿಕಲ್ ಕಾಂತೀಯ ಲೋಹವಾದ್ದರಿಂದ ಹೀಗಾಗುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಇದು ಸರಿಯೆ? ಕಾಂತೀಯ ಅಳತೆಯಿಂದ ಈ ಲೋಹಗಳ ಉತ್ಕರ್ಷಣ ಸ್ಥಿತಿಯನ್ನು, ಅಂದರೆ ಪರಮಾಣು ಎಷ್ಟು ಎಲೆಕ್ಟ್ರಾನು ಕಳೆದುಕೊಂಡಿದೆ ಎಂಬುದನ್ನು, ತಿಳಿಯಬಹುದೆ?

ಉತ್ತರ: ಸಹೋದ್ಯೋಗಿಗಳ ವಿವರಣೆ ಸರಿಯಲ್ಲ. ಎಲೆಕ್ಟ್ರಾನುಗಳ ಲೆಕ್ಕ ಹಾಕಿ ನೋಡಿದರೆ ಕೋಣೆಯ ಉಷ್ಣತೆಯಲ್ಲಿ ನಿಮ್ಮ ಮೂರನೆಯ ಪುಡಿ ಎರಡನೆಯದಕ್ಕಿಂತ ಕಡಿಮೆ ಸೆಳೆತ ತೋರಬೇಕು, ಹೆಚ್ಚಲ್ಲ. ಹಾಗಿರುವಾಗ ಅದರ ಕೆಲವು ಕಣಗಳು ಮಾತ್ರ ಆಯಸ್ಕಾಂತಕ್ಕೆ ಅಂಟುತ್ತಿವೆ ಎಂದರೆ ಆ ಕಣಗಳು ಬಹುಶಃ ಬೇರೆಯೇ ಪದಾರ್ಥ. 'ನಿಕಲ್ ಇದೆ, ಅದಕ್ಕೇ' ಎಂದು ಬಿಟ್ಟುಬಿಟ್ಟರೆ ಬ್ಯಾಟರಿಯ ಸುರಕ್ಷತೆಗೆ ನೇರವಾಗಿ ಸಂಬಂಧಿಸಿದ ಒಂದು ಸೂಚನೆ ಕೈತಪ್ಪಿಹೋಗುತ್ತದೆ. ಆದ್ದರಿಂದ ಆ ಲೆಕ್ಕವನ್ನು ಬುಡದಿಂದಲೇ ಹೇಳುತ್ತೇನೆ.

ನಿಕಲ್ ಲೋಹ ಆಯಸ್ಕಾಂತಕ್ಕೆ ಅಂಟುವುದು ನಿಜ. ಆದರೆ ಅದು ಲೋಹಸ್ಥಿತಿಯ ಗುಣ: ಅಲ್ಲಿ ಅಸಂಖ್ಯ ಪರಮಾಣುಗಳ ಡಿ ಎಲೆಕ್ಟ್ರಾನುಗಳು (ಇಂಥ ಲೋಹಗಳ ಕಾಂತಗುಣಕ್ಕೆ ಕಾರಣವಾದವು) ಸೇರಿ ಒಂದು ಶಕ್ತಿಪಟ್ಟಿಯಾಗಿ, ಸುಮಾರು 630 ಕೆಲ್ವಿನ್‌ವರೆಗೆ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಆಕ್ಸೈಡಿನೊಳಗೆ ಹೋದ ನಿಕಲ್ ಅಯಾನಿಗೆ ಆ ಗುಣ ತಾನಾಗಿ ಹಿಂಬಾಲಿಸಿ ಬರುವುದಿಲ್ಲ. ಸಾದಾ ನಿಕಲ್ ಆಕ್ಸೈಡನ್ನೇ ನೋಡಿ: 523 ಕೆಲ್ವಿನ್‌ಗಿಂತ ಕೆಳಗೆ ಅದರ ಸ್ಪಿನ್‌ಗಳು, ಅಂದರೆ ಎಲೆಕ್ಟ್ರಾನುಗಳ ಪುಟ್ಟ ಆಯಸ್ಕಾಂತದಂಥ ಗುಣಗಳು, ಒಂದಕ್ಕೊಂದು ಎದುರುಬದುರಾಗಿ ನಿಂತು ಪರಸ್ಪರ ರದ್ದಾಗುತ್ತವೆ, ಆ ಪುಡಿಯನ್ನು ಆಯಸ್ಕಾಂತ ಎತ್ತುವುದೇ ಇಲ್ಲ. ಆಕ್ಸೈಡಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಅಯಾನಿನಲ್ಲಿ ಎಷ್ಟು ಡಿ ಎಲೆಕ್ಟ್ರಾನುಗಳು ಉಳಿದಿವೆ, ಅವು ಯಾವ ಕಕ್ಷಕಗಳಲ್ಲಿ (ಪರಮಾಣುವಿನೊಳಗಿನ ನೆಲೆಗಳಲ್ಲಿ) ಕೂತಿವೆ, ಅವುಗಳಲ್ಲಿ ಜೋಡಿಯಾಗದೆ ಉಳಿದವು ಎಷ್ಟು, ಪಕ್ಕದ ಅಯಾನಿನೊಡನೆ ಆಮ್ಲಜನಕದ ಮೂಲಕ ಯಾವ ಕೋನದಲ್ಲಿ ಸಂಪರ್ಕವಿದೆ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಕಾಂತತ್ವ ಬಹುಮಟ್ಟಿಗೆ ಅರ್ಥವಾದಂತೆ.

ನಿಮ್ಮ ಮೂರೂ ಪುಡಿಗಳಲ್ಲಿ ಆಮ್ಲಜನಕದ ಹಾಳೆಗಳು ಒಂದರ ಮೇಲೊಂದು ಒತ್ತಾಗಿ ಕೂತಿವೆ. ಆ ಹಾಳೆಗಳ ನಡುವಿನ ಜಾಗಗಳಲ್ಲಿ ಒಂದು ಪದರ ಲಿಥಿಯಂ, ಮುಂದಿನದು ಸಂಕ್ರಮಣ ಲೋಹ (ಇಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್), ಮತ್ತೆ ಲಿಥಿಯಂ, ಹೀಗೆ ಸರದಿ. ಪ್ರತಿ ಲೋಹದ ಅಯಾನಿನ ಸುತ್ತ ಆರು ಆಮ್ಲಜನಕಗಳು ಅಷ್ಟಮುಖಿಯಾಗಿ ನಿಂತಿವೆ. ಹೀಗೆ ನಿಂತಾಗ ಲೋಹದ ಐದು ಡಿ ಕಕ್ಷಕಗಳ ಶಕ್ತಿ ಒಂದೇ ಆಗಿ ಉಳಿಯುವುದಿಲ್ಲ. ಆಮ್ಲಜನಕದ ನಡುವಣ ಸಂದುಗಳ ಕಡೆ ಚಾಚಿರುವ ಮೂರು ಕೆಳಗಿಳಿಯುತ್ತವೆ, ಇವನ್ನು ಟಿ-ಟು-ಜಿ ಎನ್ನುತ್ತಾರೆ. ಆಮ್ಲಜನಕಕ್ಕೆ ನೇರವಾಗಿ ಮುಖಮಾಡಿರುವ ಎರಡು ಮೇಲೇರುತ್ತವೆ, ಇವು ಇ-ಜಿ. ಎಲೆಕ್ಟ್ರಾನೊಂದು ಮೇಲಿನ ಹಂತಕ್ಕೆ ಹೋಗಲು ಈ ಅಂತರದಷ್ಟು ಶಕ್ತಿ ತೆರಬೇಕು. ಕೆಳಗೇ ಉಳಿದು ಈಗಾಗಲೇ ಒಂದು ಎಲೆಕ್ಟ್ರಾನಿರುವ ಕಕ್ಷಕಕ್ಕೆ ಸೇರಿ ಜೋಡಿಯಾಗಬೇಕಾದರೆ ಜೋಡಿಯಾಗುವ ಶಕ್ತಿಯನ್ನು ತೆರಬೇಕು. ಯಾವುದು ಅಗ್ಗವೋ ಆ ದಾರಿ ಹಿಡಿಯುತ್ತದೆ. ಅಂತರ ದೊಡ್ಡದಾಗಿದ್ದರೆ ಎಲೆಕ್ಟ್ರಾನುಗಳು ಕೆಳಗೇ ಜೋಡಿಯಾಗುತ್ತವೆ, ಅದು ಲೋ ಸ್ಪಿನ್. ಚಿಕ್ಕದಾಗಿದ್ದರೆ ಹರಡಿಕೊಳ್ಳುತ್ತವೆ, ಅದು ಹೈ ಸ್ಪಿನ್.

ಲಿಥಿಯಂ ಕೋಬಾಲ್ಟ್ ಆಕ್ಸೈಡಿನಲ್ಲಿ ಕೋಬಾಲ್ಟ್ ಮೂರು ಧನ ಆವೇಶದ್ದು, ಆರು ಡಿ ಎಲೆಕ್ಟ್ರಾನುಗಳಿರುವಂಥದು. ಕೋಬಾಲ್ಟ್ ಮತ್ತು ಆಮ್ಲಜನಕದ ದೂರ ಇಲ್ಲಿ ಸುಮಾರು 1.92 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಮ್) ಮಾತ್ರ, ಹಾಗಾಗಿ ಎರಡು ಹಂತಗಳ ನಡುವಿನ ಶಕ್ತಿಯ ಅಂತರ ದೊಡ್ಡದು; ಆರೂ ಎಲೆಕ್ಟ್ರಾನುಗಳು ಟಿ-ಟು-ಜಿಯ ಮೂರು ಕಕ್ಷಕಗಳಲ್ಲಿ ಮೂರು ಜೋಡಿಯಾಗಿ ಕೂತುಬಿಡುತ್ತವೆ. ಜೋಡಿಯಿಲ್ಲದ್ದು ಒಂದೂ ಇಲ್ಲ, ಸ್ಪಿನ್ ಸೊನ್ನೆ. ನಿಮ್ಮ ಮೊದಲನೆಯ ಪುಡಿ ಅಲುಗದಿರುವುದಕ್ಕೆ ಇದೇ ಕಾರಣ. ಸೂಕ್ಷ್ಮ ಉಪಕರಣದಲ್ಲಿ ಅಳೆದರೆ ಉಷ್ಣತೆಯೊಂದಿಗೆ ಬದಲಾಗದ ಸಣ್ಣದೊಂದು ಧನಾತ್ಮಕ ಬೆಲೆ ಕಾಣುತ್ತದೆ. ಕಾಂತಕ್ಷೇತ್ರವು ಖಾಲಿಯಿರುವ ಇ-ಜಿ ಮಟ್ಟವನ್ನು ತುಂಬಿದ ಮಟ್ಟದೊಡನೆ ತುಸು ಬೆರೆಸುವುದರಿಂದ ಬರುವ ವಾನ್ ವ್ಲೆಕ್ ಕೊಡುಗೆ ಅದು. ಅದನ್ನು ಕಂಡು 'ಇಲ್ಲಿ ಸ್ಪಿನ್ ಇದೆ' ಎಂದುಕೊಳ್ಳಬಾರದು.

ಮೂರು ಧನ ಕೋಬಾಲ್ಟ್ ಎಲ್ಲ ಕಡೆಯೂ ಇಷ್ಟು ನಿಶ್ಚಿಂತವಾಗಿ ಲೋ ಸ್ಪಿನ್ ಆಗಿರುವುದಿಲ್ಲ. ಪೆರೋವ್‌ಸ್ಕೈಟ್ ಎಂಬ ಬೇರೆ ರಚನೆಯ ಲ್ಯಾಂಥನಂ ಕೋಬಾಲ್ಟ್ ಆಕ್ಸೈಡಿನಲ್ಲಿ ಅಂತರದ ಶಕ್ತಿ, ಜೋಡಿಯಾಗುವ ಶಕ್ತಿ ಎರಡೂ ಹತ್ತಿರಹತ್ತಿರವಾಗಿದ್ದು, 100 ಕೆಲ್ವಿನ್ ಆಸುಪಾಸಿನಲ್ಲೇ ಕೆಲವು ಅಯಾನುಗಳು ಸ್ಪಿನ್ ಬದಲಿಸತೊಡಗುತ್ತವೆ. ಕನ್ನಡಿಗರಾದ ಸಿ.ಎನ್.ಆರ್. ರಾವ್ ಮತ್ತು ಮುಂದೆ ಪುಣೆ ವಿಶ್ವವಿದ್ಯಾಲಯದ ಕುಲಪತಿಗಳೂ ಆದ ವಿ.ಜಿ. ಭಿಡೆ ಅವರು ಸಂಗಡಿಗರೊಡನೆ 1972ರಲ್ಲಿ ಇದನ್ನು ಮೋಸ್‌ಬೌವರ್ ವಿಧಾನದಿಂದ (ಗಾಮಾ ಕಿರಣಗಳ ಹೀರಿಕೆಯಿಂದ ಪರಮಾಣುವಿನ ಸ್ಥಿತಿ ತಿಳಿಯುವ ವಿಧಾನ) ಪರಿಶೀಲಿಸಿದ್ದರು. ನೀವು ಪುಣೆಯಲ್ಲಿದ್ದೀರಿ ಎಂಬ ಕಾರಣಕ್ಕೆ ಇದನ್ನು ನೆನಪಿಸುತ್ತಿದ್ದೇನೆ. ಈ ವಿಷಯ ನಮಗೆ ದೂರದ್ದೇನಲ್ಲ.

ಈಗ ಉಳಿದ ಅಯಾನುಗಳು. ನಾಲ್ಕು ಧನ ಮ್ಯಾಂಗನೀಸಿನಲ್ಲಿ ಮೂರು ಡಿ ಎಲೆಕ್ಟ್ರಾನುಗಳು, ಮೂರೂ ಟಿ-ಟು-ಜಿಯಲ್ಲಿ ಒಂದೊಂದಾಗಿ: ಜೋಡಿಯಿಲ್ಲದ್ದು ಮೂರು. ಎರಡು ಧನ ನಿಕಲಿನಲ್ಲಿ ಎಂಟು; ಕೆಳಗೆ ಆರು ತುಂಬಿ ಮೇಲೆ ಎರಡು ಒಂಟಿ: ಜೋಡಿಯಿಲ್ಲದ್ದು ಎರಡು. ಮೂರು ಧನ ನಿಕಲಿನಲ್ಲಿ ಏಳು, ಲೋ ಸ್ಪಿನ್. ಕೆಳಗೆ ಆರು, ಮೇಲೆ ಒಂದೇ ಒಂದು. ಜೋಡಿಯಿಲ್ಲದ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಅದಕ್ಕಿಂತ ಎರಡು ಹೆಚ್ಚಿರುವ ಸಂಖ್ಯೆಯಿಂದ ಗುಣಿಸಿದರೆ ಆ ಅಯಾನಿನ ಕಾಂತಭ್ರಾಮಕದ, ಅಂದರೆ ಅದು ಎಷ್ಟು ಬಲದ ಪುಟ್ಟ ಆಯಸ್ಕಾಂತ ಎಂಬುದರ, ವರ್ಗ ಸಿಗುತ್ತದೆ, ಬೋರ್ ಮ್ಯಾಗ್ನೆಟಾನ್ ಎಂಬ ಮಾನದಲ್ಲಿ. ಮ್ಯಾಂಗನೀಸಿಗೆ 15, ಎರಡು ಧನ ನಿಕಲಿಗೆ 8, ಮೂರು ಧನ ನಿಕಲಿಗೆ 3, ಕೋಬಾಲ್ಟಿಗೆ ಸೊನ್ನೆ. ಉತ್ಕರ್ಷಣ ಸ್ಥಿತಿ ಏರಿದಂತೆ ನಿಕಲಿನ ಕಾಂತಭ್ರಾಮಕ ಇಳಿಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಸಮಪಾಲಿನ ಪುಡಿಯಲ್ಲಿ ಮೂರು ಲೋಹಗಳ ಸರಾಸರಿ ಆವೇಶ ಮೂರು ಆಗಬೇಕು. ಆದರೆ ನಿಕಲಿನ ಒಂಟಿ ಇ-ಜಿ ಎಲೆಕ್ಟ್ರಾನು ಮತ್ತು ಮ್ಯಾಂಗನೀಸಿನ ಇ-ಜಿ ಎಲೆಕ್ಟ್ರಾನು ಒಂದೇ ಹರಳಿನಲ್ಲಿದ್ದಾಗ ಮ್ಯಾಂಗನೀಸ್ ತನ್ನದನ್ನು ನಿಕಲಿಗೆ ಬಿಟ್ಟುಕೊಡುತ್ತದೆ. ಹೀಗೆ ನಿಕಲ್ ಎರಡು ಧನಕ್ಕೆ ಇಳಿದು ಮ್ಯಾಂಗನೀಸ್ ನಾಲ್ಕು ಧನಕ್ಕೆ ಏರುತ್ತದೆ. ಇದರಿಂದ 8, 15, 0 ಕೂಡಿ 23. ಮೂರರಿಂದ ಭಾಗಿಸಿದರೆ 7.67, ವರ್ಗಮೂಲ 2.77 ಬೋರ್ ಮ್ಯಾಗ್ನೆಟಾನ್. ಎಂಬತ್ತು ಪಾಲು ನಿಕಲಿನ ಪುಡಿಯಲ್ಲಿ ಹತ್ತು ಪಾಲು ಮ್ಯಾಂಗನೀಸ್ ನಾಲ್ಕು ಧನದಲ್ಲಿದೆ, ಅದಕ್ಕೆ ಸರಿದೂಗಲು ಹತ್ತು ಪಾಲು ನಿಕಲ್ ಎರಡು ಧನದಲ್ಲಿರುತ್ತದೆ, ಉಳಿದ ಎಪ್ಪತ್ತು ಪಾಲು ಮೂರು ಧನದಲ್ಲಿ. ಲೆಕ್ಕ ಹೀಗೆ: ಮ್ಯಾಂಗನೀಸಿನಿಂದ 1.5, ಎರಡು ಧನ ನಿಕಲಿನಿಂದ 0.8, ಮೂರು ಧನ ನಿಕಲಿನಿಂದ 2.1, ಒಟ್ಟು 4.4, ವರ್ಗಮೂಲ 2.10. ಕಾಂತಪ್ರವಣತೆ, ಅಂದರೆ ಹೊರಗಿನ ಕ್ಷೇತ್ರಕ್ಕೆ ಪದಾರ್ಥ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ, ಕಾಂತಭ್ರಾಮಕದ ವರ್ಗವನ್ನು ಅನುಸರಿಸುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು 7.67 ಮತ್ತು 4.4. ಎರಡು ಪುಡಿಗಳ ಅಣುತೂಕ ಹೆಚ್ಚುಕಡಿಮೆ ಒಂದೇ. ಅಯಾನುಗಳು ಒಂದರ ಮೇಲೊಂದು ಬೀರುವ ಪ್ರಭಾವವನ್ನು ಲೆಕ್ಕಕ್ಕೆ ತಂದರೂ ಕೋಣೆಯ ಉಷ್ಣತೆಯಲ್ಲಿ ಈ ಕ್ರಮ ತಲೆಕೆಳಗಾಗುವಷ್ಟು ಅದು ದೊಡ್ಡದಲ್ಲ. ನಿಕಲ್ ಹೆಚ್ಚಿದಂತೆ ಮ್ಯಾಂಗನೀಸ್ ಕಡಿಮೆಯಾಗಿದೆ, ಉಳಿದ ನಿಕಲ್ ದುರ್ಬಲ ಕಾಂತಭ್ರಾಮಕದ ಸ್ಥಿತಿಗೆ ಸರಿದಿದೆ. ಆದ್ದರಿಂದ ಸೆಳೆತ ಕಡಿಮೆಯಾಗಲೇಬೇಕು.

ಇಷ್ಟರಿಂದ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಆದರೆ ಅಯಾನುಗಳ ನಡುವಿನ ಸಂಬಂಧವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಏಕೆಂದರೆ ನಿಕಲ್ ಹೆಚ್ಚಿರುವ ಪುಡಿಗಳಲ್ಲಿ ತಂಪಿನಲ್ಲಿ ನಡೆಯುವುದು ಬೇರೆಯೇ ಕಥೆ. ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಭಾಗವೂ ಇದೇ.

ಎರಡು ಲೋಹ ಅಯಾನುಗಳು ನಡುವಿನ ಆಮ್ಲಜನಕದ ಮೂಲಕ ಒಂದರ ಸ್ಪಿನ್ ಇನ್ನೊಂದಕ್ಕೆ ತಿಳಿಯುವಂತೆ ವರ್ತಿಸುತ್ತವೆ. ಭೌತವಿಜ್ಞಾನಿ ಆ್ಯಂಡರ್ಸನ್ ಇದಕ್ಕೆ ಸಿದ್ಧಾಂತದ ಬುನಾದಿ ಹಾಕಿದರು; 1950ರ ದಶಕದಲ್ಲಿ ಗುಡ್‌ಇನಫ್ ಮತ್ತು ಕನಮೋರಿ ಅದನ್ನು ರಸಾಯನಶಾಸ್ತ್ರಜ್ಞರು ಬಳಸಬಹುದಾದ ನಿಯಮಗಳಾಗಿ ರೂಪಿಸಿದರು. ಲೋಹ, ಆಮ್ಲಜನಕ, ಲೋಹ ಮೂರೂ ಒಂದೇ ಸಾಲಿನಲ್ಲಿ, 180 ಡಿಗ್ರಿಯಲ್ಲಿದ್ದು, ಎರಡೂ ಕಡೆಯ ಇ-ಜಿ ಕಕ್ಷಕಗಳು ಅರ್ಧ ತುಂಬಿದ್ದರೆ, ಆಮ್ಲಜನಕದ ಒಂದೇ ಪಿ ಕಕ್ಷಕ ಎರಡನ್ನೂ ಮುಟ್ಟುತ್ತದೆ, ಸ್ಪಿನ್‌ಗಳು ಬಲವಾಗಿ ಎದುರುಬದುರಾಗುತ್ತವೆ. ಕೋನ 90 ಡಿಗ್ರಿಯಾದರೆ ಎರಡು ಲೋಹಗಳು ಆಮ್ಲಜನಕದ ಬೇರೆಬೇರೆ ಪಿ ಕಕ್ಷಕಗಳನ್ನು ಮುಟ್ಟುತ್ತವೆ. ಆಗ ಇ-ಜಿ ಎಲೆಕ್ಟ್ರಾನುಗಳ ನಡುವೆ ದುರ್ಬಲವಾದ, ಒಂದೇ ದಿಕ್ಕಿನ ಒಲವು ಉಳಿಯುತ್ತದೆ. ಟಿ-ಟು-ಜಿ ಎಲೆಕ್ಟ್ರಾನುಗಳಿಗೆ ಇನ್ನೊಂದು ದಾರಿಯಿದೆ: ಅಷ್ಟಮುಖಿಗಳು ಅಂಚು ಹಂಚಿಕೊಂಡಾಗ ಅವು ಆಮ್ಲಜನಕದ ನೆರವಿಲ್ಲದೆ ನೇರವಾಗಿ ಒಂದರ ಮೇಲೊಂದು ಚಾಚಿ ಎದುರುಬದುರಾಗುತ್ತವೆ.

ಪದರ ರಚನೆಯ ರೇಖಾಗಣಿತ ಇಲ್ಲಿ ಒಂದು ಅಚ್ಚರಿಯನ್ನು ಇಟ್ಟಿದೆ. ಲೋಹದ ಪದರದೊಳಗಿನ ಎಲ್ಲ ನೆರೆಹೊರೆಯ ಸಂಬಂಧಗಳೂ 90 ಡಿಗ್ರಿಯ ಆಸುಪಾಸಿನವು. 180 ಡಿಗ್ರಿಯ ಸಂಬಂಧಗಳೆಲ್ಲ ಒಂದು ಪದರದಿಂದ ಪಕ್ಕದ ಪದರಕ್ಕೆ, ಮೇಲೆ ಮೂರು, ಕೆಳಗೆ ಮೂರು. ಆ ಪಕ್ಕದ ಪದರದಲ್ಲಿರುವುದು ಲಿಥಿಯಂ, ಸ್ಪಿನ್ ಇಲ್ಲದ ಅಯಾನು. ಹಾಗಾಗಿ ಎಲ್ಲವೂ ತಮ್ಮ ಜಾಗದಲ್ಲಿ ಇರುವ ಹರಳಿನಲ್ಲಿ ಬಲವಾದ ಆ 180 ಡಿಗ್ರಿಯ ಬಂಧ ಒಂದೂ ಇರುವುದಿಲ್ಲ. ನಿಕಲ್ ಹೆಚ್ಚಿರುವ ಪುಡಿಗಳಲ್ಲಿ ಆಗುವುದೇನೆಂದರೆ, ಎರಡು ಧನ ನಿಕಲಿನ ತ್ರಿಜ್ಯ 0.69 ಆಂಗ್‌ಸ್ಟ್ರಾಮ್, ಲಿಥಿಯಮ್ಮಿನದು 0.76, ಗಾತ್ರ ಇಷ್ಟು ಹತ್ತಿರವಿರುವುದರಿಂದ ಕೆಲವು ನಿಕಲ್ ಅಯಾನುಗಳು ಲಿಥಿಯಂ ಪದರಕ್ಕೆ ಸೇರಿಕೊಳ್ಳುತ್ತವೆ. ಅಲ್ಲಿ ಕೂತ ಒಂದೇ ನಿಕಲ್ ಮೇಲಿನ ಪದರದ ಮೂರಕ್ಕೂ ಕೆಳಗಿನ ಮೂರಕ್ಕೂ 180 ಡಿಗ್ರಿಯ ಬಂಧ ಹೂಡಿ, ಆರನ್ನೂ ತನಗೆ ಎದುರಾಗಿ ನಿಲ್ಲಿಸುತ್ತದೆ. ತನಗೆ ಎದುರಾದ ಆರೂ ತಮ್ಮಲ್ಲಿ ಒಂದೇ ದಿಕ್ಕಿನವಾಗುತ್ತವೆ. ಅಲ್ಲೊಂದು ಪುಟ್ಟ ಕಾಂತ ಗುಂಪು ಹುಟ್ಟುತ್ತದೆ, ಒಟ್ಟು ಭ್ರಾಮಕ ರದ್ದಾಗದೆ ಉಳಿಯುತ್ತದೆ.

ಶುದ್ಧ ಲಿಥಿಯಂ ನಿಕಲ್ ಆಕ್ಸೈಡಿನ ಕಾಂತತ್ವದ ಬಗ್ಗೆ ದಶಕಗಳ ಕಾಲ ವಾದ ನಡೆದದ್ದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಒಂದು ಪ್ರಯೋಗಾಲಯದ ಮಾದರಿ ಇನ್ನೊಂದರಂತೆ ವರ್ತಿಸುತ್ತಿರಲಿಲ್ಲ. ಅದರ ಸೋದರ ಸೋಡಿಯಂ ನಿಕಲ್ ಆಕ್ಸೈಡ್ ಮಾತ್ರ ಗೊಂದಲವಿಲ್ಲದೆ ನಡೆದುಕೊಳ್ಳುತ್ತದೆ. ಸೋಡಿಯಂ ದೊಡ್ಡದು, ಅದರ ಜಾಗಕ್ಕೆ ನಿಕಲ್ ಹೋಗುವುದಿಲ್ಲ. ಸುಮಾರು 480 ಕೆಲ್ವಿನ್‌ಗಿಂತ ಕೆಳಗೆ ಯಾನ್-ಟೆಲ್ಲರ್ ವಿರೂಪದಿಂದ (ಇ-ಜಿಯ ಒಂಟಿ ಎಲೆಕ್ಟ್ರಾನಿನಿಂದಾಗಿ ಅಷ್ಟಮುಖಿಯ ಆಕಾರ ಕೆಡುವುದು) ಅಷ್ಟಮುಖಿಗಳೆಲ್ಲ ಒಂದೇ ದಿಕ್ಕಿಗೆ ಉದ್ದವಾಗುತ್ತವೆ. ಸುಮಾರು 20 ಕೆಲ್ವಿನ್‌ನಲ್ಲಿ ಪದರದೊಳಗೆ ಒಂದೇ ದಿಕ್ಕು, ಪದರದಿಂದ ಪದರಕ್ಕೆ ವಿರುದ್ಧ ದಿಕ್ಕು ಎಂಬ ಅಚ್ಚುಕಟ್ಟಾದ ವ್ಯವಸ್ಥೆಗೆ ಬರುತ್ತದೆ. ಲಿಥಿಯಂ ನಿಕಲ್ ಆಕ್ಸೈಡಿನಲ್ಲಿ ಹರಳು ಒಟ್ಟಾರೆಯಾಗಿ ವಿರೂಪಗೊಂಡದ್ದು ಕಾಣುವುದಿಲ್ಲ. ಆದರೆ ಎಕ್ಸ್-ರೇ ಹೀರಿಕೆಯ ಅಧ್ಯಯನಗಳು ಪ್ರತಿ ನಿಕಲಿನ ಸುತ್ತ ನಾಲ್ಕು ಆಮ್ಲಜನಕ ಸುಮಾರು 1.91 ಆಂಗ್‌ಸ್ಟ್ರಾಮ್, ಎರಡು ಸುಮಾರು 2.09 ಆಂಗ್‌ಸ್ಟ್ರಾಮ್ ದೂರದಲ್ಲಿವೆ ಎಂದು ತೋರಿಸಿದವು. ವಿರೂಪ ಸ್ಥಳೀಯವಾಗಿ ಇದೆ, ಅದು ಸಾಲುಗಟ್ಟಿ ನಿಂತಿಲ್ಲ.

'ಪದರ ಆಕ್ಸೈಡ್' ಎಂಬ ಒಂದೇ ಹೆಸರಿನಡಿ ಬರುವ ಇತರ ಪದಾರ್ಥಗಳನ್ನು ನೋಡಿದರೆ ಕೋನದ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಲಿಥಿಯಂ ಕ್ರೋಮಿಯಂ ಆಕ್ಸೈಡಿನ ರಚನೆ ನಿಮ್ಮ ಪುಡಿಗಳದ್ದೇ. ಅಲ್ಲಿ ಮೂರು ಟಿ-ಟು-ಜಿ ಎಲೆಕ್ಟ್ರಾನುಗಳು ನೇರವಾಗಿ ಒಂದನ್ನೊಂದು ಎದುರಿಸುತ್ತವೆ. ಆದರೆ ಅಯಾನುಗಳು ತ್ರಿಕೋನಗಳಾಗಿ ನಿಂತಿರುವುದರಿಂದ ಮೂರೂ ಪರಸ್ಪರ ಎದುರಾಗುವುದು ಸಾಧ್ಯವೇ ಇಲ್ಲ. ಪರಿಣಾಮವಾಗಿ ಪರಸ್ಪರ ಕ್ರಿಯೆಯ ಬಲ (ಅದನ್ನು ಉಷ್ಣತೆಯ ಮಾನದಲ್ಲೇ ಹೇಳುವುದು ವಾಡಿಕೆ) ಹಲವು ನೂರು ಕೆಲ್ವಿನ್‌ನಷ್ಟಿದ್ದರೂ ವ್ಯವಸ್ಥೆ ಏರ್ಪಡುವುದು 62 ಕೆಲ್ವಿನ್ ಆಸುಪಾಸಿನಲ್ಲಿ. ಲ್ಯಾಂಥನಂ ತಾಮ್ರ ಆಕ್ಸೈಡಿನಲ್ಲಿ ಇದಕ್ಕೆ ತದ್ವಿರುದ್ಧ: ಅದರ ಪದರದೊಳಗೆ ಅಷ್ಟಮುಖಿಗಳು ಮೂಲೆ ಹಂಚಿಕೊಳ್ಳುತ್ತವೆ, ಬಂಧಗಳು 180 ಡಿಗ್ರಿಗೆ ಹತ್ತಿರ, ಅವುಗಳ ಬಲ ಸುಮಾರು 1500 ಕೆಲ್ವಿನ್. ಇಷ್ಟು ಬಲವಾದ ಬಂಧವಿದ್ದಾಗ ಕೋಣೆಯ ಉಷ್ಣತೆಯಲ್ಲಿ ತಾಮ್ರದ ಸ್ಪಿನ್ ಸ್ವತಂತ್ರವಾಗಿ ವರ್ತಿಸುವುದೇ ಇಲ್ಲ. ಕಾಂತಪ್ರವಣತೆ ತೀರ ಚಿಕ್ಕದಾಗಿ ಕಂಡು, ಸ್ಪಿನ್ ಇಲ್ಲವೇನೋ ಎಂಬ ಭ್ರಮೆ ಬರುತ್ತದೆ. 1987ರಲ್ಲಿ ನ್ಯೂಟ್ರಾನ್ ಪ್ರಯೋಗಗಳು ಅಲ್ಲಿ ಎದುರುಬದುರು ಸ್ಪಿನ್‌ಗಳ ವ್ಯವಸ್ಥೆಯನ್ನು ತೋರಿಸಿದವು. ಇಂಥ ರಚನೆಯ ಆಕ್ಸೈಡ್‌ಗಳ ಕಾಂತಗುಣಗಳನ್ನು ಪಿ. ಗಂಗೂಲಿ ಮತ್ತು ಸಿ.ಎನ್.ಆರ್. ರಾವ್ ಬೆಂಗಳೂರಿನಲ್ಲಿ ಪರಿಶೀಲಿಸಿ 1984ರಲ್ಲೇ ಸಮಗ್ರವಾಗಿ ಬರೆದಿದ್ದರು. ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಅದೇ ಕುಟುಂಬದ ಪದಾರ್ಥದಲ್ಲಿ ಅತಿವಾಹಕತೆಯನ್ನು (ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ಗುಣವನ್ನು) ಕಂಡದ್ದು 1986ರಲ್ಲಿ.

ಇನ್ನು ಎರಡನೆಯ ಪ್ರಶ್ನೆ: ಕಾಂತೀಯ ಅಳತೆಯಿಂದ ಉತ್ಕರ್ಷಣ ಸ್ಥಿತಿ ತಿಳಿಯುತ್ತದೆಯೆ? ಕೆಲವೊಮ್ಮೆ ತಿಳಿಯುತ್ತದೆ, ಒಂಟಿಯಾಗಿ ನಂಬಬಾರದು. ಸಮಪಾಲಿನ ಪುಡಿಯಲ್ಲಿ ಮೂರೂ ಲೋಹಗಳು ಮೂರು ಧನದಲ್ಲಿದ್ದವು ಎಂದು ಊಹಿಸಿ ಲೆಕ್ಕ ಮಾಡಿ. ಹೈ ಸ್ಪಿನ್ ಮೂರು ಧನ ಮ್ಯಾಂಗನೀಸಿಗೆ 24, ನಿಕಲಿಗೆ 3, ಕೋಬಾಲ್ಟಿಗೆ ಸೊನ್ನೆ. ಸರಾಸರಿ 9, ವರ್ಗಮೂಲ 3.00. ನಿಜವಾದ ಹಂಚಿಕೆಗೆ ಬಂದದ್ದು 2.77. ಎಚ್ಚರದಿಂದ ಅಳೆದರೆ ಇವೆರಡನ್ನು ಬೇರೆ ಮಾಡಬಹುದು. ಎಂಬತ್ತು ಪಾಲು ನಿಕಲಿನ ಪುಡಿಯಲ್ಲಿ ಅದೇ ಪರೀಕ್ಷೆ ಮಾಡಿದರೆ 2.10ಕ್ಕೆ ಎದುರಾಗಿ 2.19 ಬರುತ್ತದೆ. ಈ ವ್ಯತ್ಯಾಸದ ಮೇಲೆ ಯಾವ ತೀರ್ಮಾನವನ್ನೂ ಕಟ್ಟಲಾಗದು. ಎರಡು ಧನ ನಿಕಲಿನಲ್ಲಿ ಕಕ್ಷೀಯ ಚಲನೆಯ ಸಣ್ಣ ಪಾಲು ಸ್ಪಿನ್‌ಗೆ ಸೇರಿಕೊಂಡು ಅದರ ಭ್ರಾಮಕವನ್ನು ನೂರಕ್ಕೆ ಹತ್ತರಷ್ಟು ಏರಿಸಬಲ್ಲದು. ಕೋಬಾಲ್ಟಿನ ವಾನ್ ವ್ಲೆಕ್ ಕೊಡುಗೆಯನ್ನು ಕಳೆಯದಿದ್ದರೆ ಅಂಕಿ ಇನ್ನಷ್ಟು ಏರುತ್ತದೆ. ಪುಡಿ ತೇವ ಹೀರಿದ್ದರೆ ತೂಕವೇ ತಪ್ಪು. ಮುಂಬೈಯ ಮಳೆಗಾಲದಲ್ಲಿ ನಿಕಲ್ ಹೆಚ್ಚಿರುವ ಪುಡಿಯನ್ನು ತೆರೆದಿಟ್ಟರೆ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಮೇಲ್ಮೈಯಲ್ಲಿ ಲಿಥಿಯಂ ಕಾರ್ಬೊನೇಟ್ ಕಟ್ಟುತ್ತದೆ, ಅಲ್ಲಿನ ನಿಕಲ್ ಎರಡು ಧನಕ್ಕೆ ಇಳಿಯುತ್ತದೆ. ಪುಣೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಗೂ ಈ ಮಾತು ಸಲ್ಲುತ್ತದೆ.

ಇದಕ್ಕಿಂತ ಆಳವಾದ ತೊಡಕೊಂದಿದೆ. 'ಮೂರು ಧನ ನಿಕಲ್' ಎಂದು ನಾವು ಬರೆಯುವುದು ಲೆಕ್ಕಪುಸ್ತಕದ ಅನುಕೂಲಕ್ಕೆ. ಝಾನನ್, ಸವಾಟ್ಸ್ಕಿ ಮತ್ತು ಅಲೆನ್ ಎಂಬ ಸಂಶೋಧಕರು 1985ರಲ್ಲಿ ತೋರಿಸಿದಂತೆ, ಸಂಕ್ರಮಣ ಲೋಹಗಳ ಸಾಲಿನ ಕೊನೆಯ ಕಡೆ ಹೋದಂತೆ ಎಲೆಕ್ಟ್ರಾನನ್ನು ಲೋಹದಿಂದ ತೆಗೆಯುವುದಕ್ಕಿಂತ ಆಮ್ಲಜನಕದಿಂದ ತೆಗೆಯುವುದು ಸುಲಭವಾಗುತ್ತದೆ. 1989ರಲ್ಲಿ ಲಿಥಿಯಂ ಸೇರಿಸಿದ ನಿಕಲ್ ಆಕ್ಸೈಡಿನ ಮೇಲೆ ನಡೆದ ಎಕ್ಸ್-ರೇ ಹೀರಿಕೆಯ ಕೆಲಸ, ಖಾಲಿಯಾದ ಜಾಗಗಳು ಹೆಚ್ಚಾಗಿ ಆಮ್ಲಜನಕದ ಮೇಲಿವೆ ಎಂದು ಕಂಡಿತು. ಅಂದರೆ ಅಲ್ಲಿನ ನಿಕಲ್ ಎಂಟು ಎಲೆಕ್ಟ್ರಾನುಗಳ ಎರಡು ಧನ ನಿಕಲಿಗೆ ಹತ್ತಿರವಿದ್ದು, ಸುತ್ತಲಿನ ಆಮ್ಲಜನಕದಲ್ಲಿ ಒಂದು ಎಲೆಕ್ಟ್ರಾನಿನ ಕೊರತೆ ಹಂಚಿಹೋಗಿದೆ. ಎರಡರ ಸ್ಪಿನ್ ಸೇರಿ ಒಂದು ಒಂಟಿ ಎಲೆಕ್ಟ್ರಾನಿನಷ್ಟೇ ಉಳಿಯುತ್ತದೆ. ಕಾಂತೀಯ ಅಳತೆ ಹೇಳುವುದು ಈ ಒಟ್ಟು ಸ್ಪಿನ್ನನ್ನು ಮಾತ್ರ, ಎಲೆಕ್ಟ್ರಾನು ಯಾರ ಮನೆಯಿಂದ ಹೋಯಿತು ಎಂಬುದನ್ನಲ್ಲ. ಉತ್ಕರ್ಷಣ ಸ್ಥಿತಿಗೆ ಎಕ್ಸ್-ರೇ ಹೀರಿಕೆಯನ್ನೂ ನೋಡಿ. ಇಂದೋರಿನಲ್ಲಿರುವ, ಪ್ರಬಲ ಎಕ್ಸ್-ರೇ ನೀಡುವ ಇಂಡಸ್-2 ಸಿಂಕ್ರೊಟ್ರಾನ್ ಯಂತ್ರದಲ್ಲಿ ಅದಕ್ಕೆ ಅನುಕೂಲವಿದೆ. ಲಿಥಿಯಮ್ಮನ್ನು ಭಾಗಶಃ ಹೊರತೆಗೆದ ಕ್ಯಾಥೋಡಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು: ಲಿಥಿಯಂ ಕೋಬಾಲ್ಟ್ ಆಕ್ಸೈಡಿನಿಂದ ಕಾಲುಭಾಗ ಲಿಥಿಯಂ ಹೋಗುವಷ್ಟರಲ್ಲಿ ಅದು ಲೋಹದಂತೆ ವಿದ್ಯುತ್ ಹರಿಸತೊಡಗುತ್ತದೆ, ಎಲೆಕ್ಟ್ರಾನುಗಳು ಯಾವ ಅಯಾನಿಗೂ ಅಂಟಿಕೊಂಡಿರುವುದಿಲ್ಲ, ನಾಲ್ಕು ಧನ ಕೋಬಾಲ್ಟುಗಳನ್ನು ಬಿಡಿಬಿಡಿಯಾಗಿ ಎಣಿಸುವ ಈ ವಿಧಾನವೇ ಅಲ್ಲಿ ನಿಲ್ಲುವುದಿಲ್ಲ.

ಈಗ ಆಯಸ್ಕಾಂತಕ್ಕೆ ಅಂಟಿದ ಕಣಗಳಿಗೆ ಬರೋಣ. ಲಿಥಿಯಂ ಪದರಕ್ಕೆ ಸೇರಿದ ನಿಕಲಿನಿಂದ ಹುಟ್ಟುವ ಕಾಂತ ಗುಂಪುಗಳು ಇದಕ್ಕೆ ಕಾರಣವಾಗಲಾರವು, ಏಕೆಂದರೆ ನೂರಕ್ಕೆ ಕೆಲವೇ ಪಾಲು ನಿಕಲ್ ಜಾಗ ಬದಲಿಸಿದ ಪುಡಿಗಳಲ್ಲಿ ಅವು ತೀರ ಕಡಿಮೆ ಉಷ್ಣತೆಯಲ್ಲಷ್ಟೇ ಗಟ್ಟಿಯಾಗುತ್ತವೆ. ಕೋಣೆಯ ಉಷ್ಣತೆಯಲ್ಲಿ ಅಂಟಬಲ್ಲವು ಲೋಹದ ಕಬ್ಬಿಣ, ಲೋಹದ ನಿಕಲ್, ಅಥವಾ ಪುಡಿ ತಯಾರಿಸಲು ಸುಡುವಾಗ ಕಬ್ಬಿಣ ಸೇರಿ ಆದ ನಿಕಲ್ ಫೆರೈಟ್, ಲಿಥಿಯಂ ಫೆರೈಟ್ ಎಂಬ ಕಬ್ಬಿಣವಿರುವ ಆಕ್ಸೈಡ್‌ಗಳು. ಈ ಫೆರೈಟ್‌ಗಳು 800 ಕೆಲ್ವಿನ್ ದಾಟಿದರೂ ಕಾಂತತ್ವ ಬಿಡುವುದಿಲ್ಲ. ಪುಡಿಮಾಡುವ ಯಂತ್ರ, ಜರಡಿ, ಕೊಳವೆಗಳ ಸವೆತ ಇಂಥ ಕಬ್ಬಿಣದ ಸಾಮಾನ್ಯ ಮೂಲ. 'ನಮ್ಮದು ಸ್ಟೇನ್‌ಲೆಸ್ ಸ್ಟೀಲ್, ಅದಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲ' ಎಂಬ ಸಮಾಧಾನ ಸಾಲದು, ಏಕೆಂದರೆ 304 ದರ್ಜೆಯಂಥ ಉಕ್ಕು ಉಜ್ಜಿ ಸವೆದಾಗ ಅದರ ಚೂರುಗಳ ಆಂತರಿಕ ರಚನೆ ಬದಲಾಗಿ ಅವು ಕಾಂತೀಯವಾಗುತ್ತವೆ. ಇಂಥ ಲೋಹದ ಚೂರು ಕ್ಯಾಥೋಡಿನಲ್ಲಿ ಉಳಿದರೆ ಚಾರ್ಜಿನ ಎತ್ತರದ ವೋಲ್ಟೇಜಿನಲ್ಲಿ ಕರಗಿ, ಆಚೆ ಬದಿಯ ಆನೋಡಿನ ಮೇಲೆ ಮತ್ತೆ ಲೋಹವಾಗಿ ಬೆಳೆದು, ನಡುವಿನ ಪೊರೆಯನ್ನು ತೂರಿ ಒಳಗೇ ಶಾರ್ಟ್ ಆಗುವಂತೆ ಮಾಡಬಲ್ಲದು. ಬ್ಯಾಟರಿ ಉದ್ಯಮ ಕಾಂತೀಯ ಕಲ್ಮಶವನ್ನು ಇಷ್ಟು ಕಟ್ಟುನಿಟ್ಟಾಗಿ ಹುಡುಕುವುದು ಇದಕ್ಕಾಗಿ.

ಮೊದಲು ಕೈಪರೀಕ್ಷೆಯನ್ನೇ ಸರಿಯಾಗಿ ಮಾಡಿ. ಪುಣೆಯ ಚಳಿಗಾಲದ ಒಣ ಗಾಳಿಯಲ್ಲಿ ನುಣ್ಣನೆಯ ಪುಡಿ ಸ್ಥಾಯೀ ವಿದ್ಯುತ್ತಿನಿಂದ ಯಾವ ವಸ್ತುವಿಗಾದರೂ ಅಂಟೀತು. ಆದ್ದರಿಂದ ಅಷ್ಟೇ ಗಾತ್ರದ, ಕಾಂತೀಯವಲ್ಲದ ಹಿತ್ತಾಳೆಯ ತುಂಡನ್ನೂ ಹಿಡಿದು ಹೋಲಿಸಿ. ಪುಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕದಡಿ, ಪ್ಲಾಸ್ಟಿಕ್ ಹೊದಿಸಿದ ಆಯಸ್ಕಾಂತವನ್ನು ಆಡಿಸಿ ತೆಗೆಯುವುದು ಒಣಪರೀಕ್ಷೆಗಿಂತ ನಂಬಲರ್ಹ; ನೀರು ಬಳಸಬೇಡಿ, ನಿಕಲ್ ಹೆಚ್ಚಿರುವ ಪುಡಿಯ ಮೇಲ್ಮೈಯಿಂದ ಲಿಥಿಯಂ ನೀರಿಗೆ ಇಳಿಯುತ್ತದೆ. ಪುಡಿಯೆಲ್ಲ ಒಂದೇ ಸಮನಾಗಿ ಮೆಲ್ಲಗೆ ಸರಿದರೆ ಅದು ಅಯಾನುಗಳ ಪ್ಯಾರಾಕಾಂತತ್ವ, ಅಂದರೆ ಹೊರಗಿನ ಕ್ಷೇತ್ರ ಇರುವಾಗ ಮಾತ್ರ ತೋರುವ ದುರ್ಬಲ ಸೆಳೆತ. ಬಿಡಿ ಕಣಗಳು ಜಿಗಿದು ಹಿಡಿದರೆ ಅದು ಕಲ್ಮಶ. ಆ ಕಣಗಳನ್ನು ತೊಳೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಧಾತು ವಿಶ್ಲೇಷಣೆ ಮಾಡಿಸಿ, ಕಬ್ಬಿಣ ಮತ್ತು ಕ್ರೋಮಿಯಂ ಇವೆಯೇ ಎಂದು ಗಮನಿಸಿ.

ಆಮೇಲೆ ಕಾಂತತ್ವ ಅಳೆಯುವ ಮ್ಯಾಗ್ನೆಟೋಮೀಟರು. 300 ಕೆಲ್ವಿನ್‌ನಲ್ಲಿ ಕ್ಷೇತ್ರವನ್ನು ಸೊನ್ನೆಯಿಂದ ಕೆಲವು ಟೆಸ್ಲಾವರೆಗೆ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಮಾನ) ಏರಿಸಿ ಕಾಂತೀಕರಣವನ್ನು ಅಳೆಯಿರಿ. ಪ್ಯಾರಾಕಾಂತೀಯ ಪುಡಿಯಾದರೆ ಮೂಲಬಿಂದುವಿನಿಂದ ಹೊರಟ ನೇರ ಗೆರೆ ಬರುತ್ತದೆ. ಕಬ್ಬಿಣ ಬೆರೆತಿದ್ದರೆ ಮೊದಲು ಬಾಗಿ, ಸುಮಾರು ಒಂದು ಟೆಸ್ಲಾ ದಾಟಿದ ಮೇಲೆ ನೇರವಾಗುತ್ತದೆ; ಆ ನೇರ ಭಾಗವನ್ನು ಹಿಂದಕ್ಕೆ ಎಳೆದರೆ ಅಕ್ಷವನ್ನು ಕಡಿಯುವ ಎತ್ತರವೇ ಕಲ್ಮಶದ ಕಾಂತೀಕರಣ. ಕಬ್ಬಿಣದ ಪೂರ್ಣ ಕಾಂತೀಕರಣ ಗ್ರಾಮಿಗೆ ಸುಮಾರು 218 ಇಎಂಯು (ಕಾಂತೀಕರಣ ಅಳೆಯುವ ಒಂದು ಮಾನ). ಆದ್ದರಿಂದ ದಶಲಕ್ಷದಲ್ಲಿ ನೂರು ಪಾಲು ಕಬ್ಬಿಣವಿದ್ದರೆ ಗ್ರಾಮಿಗೆ 0.022 ಇಎಂಯು ಎತ್ತರ ಬರುತ್ತದೆ. ಒಂದು ಟೆಸ್ಲಾದಲ್ಲಿ ನಿಮ್ಮ ಮೂರನೆಯ ಪುಡಿಯ ಸ್ವಂತ ಕಾಂತೀಕರಣ ಗ್ರಾಮಿಗೆ ಸುಮಾರು 0.2 ಇಎಂಯು. ಅಷ್ಟು ಸಣ್ಣ ಕಲ್ಮಶವೇ ಅಳತೆಯನ್ನು ಹತ್ತನೇ ಒಂದು ಪಾಲಿನಷ್ಟು ಕೆಡಿಸುತ್ತದೆ. ಅದನ್ನು ಕಳೆಯದೆ ಕಾಂತಭ್ರಾಮಕ ಲೆಕ್ಕಹಾಕಿ ಉತ್ಕರ್ಷಣ ಸ್ಥಿತಿ ಹೇಳಿದರೆ ಅದಕ್ಕೆ ಅರ್ಥವಿಲ್ಲ.

ಲಿಥಿಯಂ ಪದರದಲ್ಲಿ ಎಷ್ಟು ನಿಕಲ್ ಇದೆ ಎಂಬುದನ್ನೂ ತಿಳಿಯಬೇಕೆಂದಿದ್ದರೆ, ಕ್ಷೇತ್ರವಿಲ್ಲದೆ ತಣಿಸಿ ಒಮ್ಮೆ, ಕ್ಷೇತ್ರದಲ್ಲಿ ತಣಿಸಿ ಇನ್ನೊಮ್ಮೆ, ಸುಮಾರು 5 ಕೆಲ್ವಿನ್‌ನಿಂದ ಮೇಲಕ್ಕೆ ಅಳೆಯಿರಿ. ಎರಡು ಗೆರೆಗಳು ಬೇರ್ಪಡುವ ಉಷ್ಣತೆ ಪುಡಿಯಿಂದ ಪುಡಿಗೆ ಮೇಲೇರಿದರೆ ನಿಕಲ್ ಹೆಚ್ಚು ಜಾಗ ಬದಲಿಸಿದೆ ಎಂದು ತಿಳಿಯಬಹುದು. ಪಾಲನ್ನು ಖಚಿತವಾಗಿ ಹೇಳಬಲ್ಲದ್ದು ನ್ಯೂಟ್ರಾನ್ ಚದುರಿಕೆಯ ಪ್ರಯೋಗ. ಎಕ್ಸ್-ರೇಗೆ ನಿಕಲ್, ಕೋಬಾಲ್ಟ್, ಮ್ಯಾಂಗನೀಸ್ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತವೆ. ನ್ಯೂಟ್ರಾನಿಗೆ ನಿಕಲಿನ ಚದುರಿಕೆಯ ಉದ್ದ (ನ್ಯೂಟ್ರಾನನ್ನು ಎಷ್ಟು ಬಲವಾಗಿ ಚದುರಿಸುತ್ತದೆ ಎಂಬ ಅಳತೆ) ಧನ 10.3 ಫೆಮ್ಟೋಮೀಟರ್, ಮ್ಯಾಂಗನೀಸಿನದು ಋಣ 3.73, ಲಿಥಿಯಮ್ಮಿನದು ಋಣ 1.90. ಲಿಥಿಯಂ ಜಾಗದಲ್ಲಿ ಕೂತ ನಿಕಲ್ ಇದರ ಕಣ್ಣಿಗೆ ತಪ್ಪುವುದಿಲ್ಲ. ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಈ ಸೌಲಭ್ಯವಿದೆ. ವಿಶ್ವವಿದ್ಯಾಲಯಗಳ ಸಂಶೋಧಕರು ಯುಜಿಸಿ-ಡಿಎಇ (ವಿಶ್ವವಿದ್ಯಾಲಯ ಅನುದಾನ ಆಯೋಗ ಮತ್ತು ಅಣುಶಕ್ತಿ ಇಲಾಖೆ) ಒಕ್ಕೂಟದ ಮುಂಬೈ ಕೇಂದ್ರದ ಮೂಲಕ ಅದನ್ನು ಬಳಸುತ್ತಾರೆ. ಖಾಸಗಿ ಪ್ರಯೋಗಾಲಯದಲ್ಲಿರುವ ನೀವು ಪುಣೆಯ ಯಾವುದಾದರೂ ವಿಶ್ವವಿದ್ಯಾಲಯದ ಗುಂಪಿನೊಡನೆ ಜೊತೆಗೂಡಿ ಅರ್ಜಿ ಸಲ್ಲಿಸುವುದು ಒಳ್ಳೆಯದು. ಮಾದರಿ ಕೆಲವು ಗ್ರಾಮ್‌ಗಳಷ್ಟಾದರೂ ಬೇಕಾಗುತ್ತದೆ.

ನಿಮ್ಮ ಅನುಕ್ರಮ ಹೀಗಿರಲಿ: ಅಂಟಿದ ಕಣಗಳ ಧಾತು ವಿಶ್ಲೇಷಣೆ ಮೊದಲು, 300 ಕೆಲ್ವಿನ್‌ನ ಕಾಂತೀಕರಣ ಗೆರೆ ಆಮೇಲೆ, ಉತ್ಕರ್ಷಣ ಸ್ಥಿತಿಯ ಮಾತು ಕಡೆಗೆ. ಕಣಗಳಲ್ಲಿ ಕಬ್ಬಿಣದ ಜೊತೆ ಕ್ರೋಮಿಯಮ್ಮೂ ಸಿಕ್ಕರೆ ಪುಡಿ ತಯಾರಿಸಿದವರ ಯಂತ್ರಗಳ ಸವೆತವನ್ನು ಶಂಕಿಸಬೇಕು, ಆ ಸರಕನ್ನು ಮುಂದಕ್ಕೆ ಬಿಡದೆ ತಡೆಹಿಡಿಯಬೇಕು. ಬರಿಯ ನಿಕಲ್ ಸಿಕ್ಕರೆ ಸುಡುವಾಗ ಆಮ್ಲಜನಕ ಸಾಲದೆ ಎಲ್ಲೋ ಲೋಹಕ್ಕೆ ಇಳಿದಿದೆಯೆ ಅಥವಾ ಕಚ್ಚಾ ಪದಾರ್ಥದಲ್ಲೇ ಅದಿತ್ತೆ ಎಂದು ಹಿಂದಕ್ಕೆ ಹೋಗಿ ನೋಡಬೇಕು. ಎರಡೂ ಸಿಗದೆ ಕಾಂತೀಕರಣದ ಗೆರೆ ಮಾತ್ರ ಬಾಗಿದ್ದರೆ 5 ಮತ್ತು 300 ಕೆಲ್ವಿನ್‌ನ ಎರಡೂ ಗೆರೆಗಳನ್ನು, ಮಾದರಿಯ ತೂಕ ಮತ್ತು ಒಣಗಿಸಿದ ವಿವರಗಳೊಡನೆ, ನನಗೆ ಕಳುಹಿಸಿ. ಅವನ್ನು ನೋಡಿ ಮುಂದಿನದನ್ನು ಬರೆಯುತ್ತೇನೆ.